ಮುಯ್ಯಿಯಿಂದ ಸಾಮೂಹಿಕ ವಿಮೆಗೆ: ನಿವೃತ್ತರ ಆರೋಗ್ಯ ಹಾಗೂ ಪ್ರವಾಸ ರಕ್ಷಣೆಯ ಚರಿತ್ರೆ

ಮುಪ್ಪು ಮತ್ತು ದೂರದ ಪಯಣ, ಇವೆರಡೂ ಮನುಷ್ಯನನ್ನು ಅವನ ಆಸರೆಗಳಿಂದ ಬೇರ್ಪಡಿಸುವ ಸಂದರ್ಭಗಳು. ಮುಪ್ಪಿನಲ್ಲಿ ದುಡಿಮೆ ಕೈಬಿಡುತ್ತದೆ. ಪಯಣದಲ್ಲಿ ಊರು ಹಿಂದುಳಿಯುತ್ತದೆ. ವಯಸ್ಸಾದವರು ದೂರದ ಪಯಣ ಕೈಗೊಂಡಾಗ ಈ ಎರಡು ಕೊರತೆಗಳೂ ಒಟ್ಟಿಗೆ ಎದುರಾಗುತ್ತವೆ. ಇಂತಹ ಸಂದರ್ಭದಲ್ಲಿ ಒಬ್ಬನ ಹೊರೆಯನ್ನು ಹಲವರು ಹಂಚಿಕೊಳ್ಳುವ ಕ್ರಮಗಳನ್ನು ಎಲ್ಲ ಸಮಾಜಗಳೂ ರೂಪಿಸಿಕೊಂಡಿವೆ. ಇಂದು ನಿವೃತ್ತರ ಸಾಮೂಹಿಕ ಆರೋಗ್ಯ ವಿಮೆ, ಪ್ರವಾಸ ವಿಮೆ ಎಂಬ ಹೆಸರಿನಲ್ಲಿ ಕಾಣುವ ವ್ಯವಸ್ಥೆಗಳು ಈ ಪರಂಪರೆಯ ಈಚಿನ ರೂಪಗಳು.

ವಿಮೆಯ ಅಧ್ಯಯನ ಸಾಮಾನ್ಯವಾಗಿ ಅರ್ಥಶಾಸ್ತ್ರ ಮತ್ತು ಕಾನೂನಿನ ಕ್ಷೇತ್ರಕ್ಕೆ ಸೇರಿದ್ದೆಂದು ಭಾವಿಸಲಾಗುತ್ತದೆ. ಆದರೆ ಸಾಮೂಹಿಕ ವಿಮೆಯ ಕೇಂದ್ರದಲ್ಲಿರುವುದು ‘ಸಮೂಹ’. ಯಾರು ಸಮೂಹದ ಒಳಗಿನವರು, ಯಾರು ಹೊರಗಿನವರು, ಯಾವ ಗಳಿಗೆಯಲ್ಲಿ ಒಬ್ಬ ವ್ಯಕ್ತಿ ಒಳಗಿನಿಂದ ಹೊರಗಾಗುತ್ತಾನೆ ಎಂಬ ಪ್ರಶ್ನೆಗಳು ಜಾನಪದ ಅಧ್ಯಯನಕ್ಕೆ ತೀರ ಹತ್ತಿರವಾದವು. ನಿವೃತ್ತರ ವಿಮೆಯ ಚರಿತ್ರೆಯು ಮುಖ್ಯವಾಗಿ ಸಮೂಹದ ಎಲ್ಲೆಯ ಚರಿತ್ರೆಯಾಗಿದೆ ಎಂಬುದನ್ನು ಕರ್ನಾಟಕದ ಕೆಲವು ಉದಾಹರಣೆಗಳ ಮೂಲಕ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

೧. ಪದ ಮತ್ತು ಪರಿಕಲ್ಪನೆ

ಕನ್ನಡದ ‘ವಿಮೆ’ ಎಂಬ ಪದ ಪಾರಸಿಯ ‘ಬೀಮಾ’ ಎಂಬುದರಿಂದ ಬಂದದ್ದು. ಮರಾಠಿಯ ‘ವಿಮಾ’ ಇದರ ಸೋದರ ರೂಪ. ‘ನಿವೃತ್ತಿ’ಯ ಚರಿತ್ರೆ ಇನ್ನೂ ಕುತೂಹಲಕರ. ಶಾಸ್ತ್ರಗ್ರಂಥಗಳಲ್ಲಿ ಅದು ‘ಪ್ರವೃತ್ತಿ’ಗೆ ಪ್ರತಿಯಾದ ಪದ, ಲೌಕಿಕ ವ್ಯವಹಾರಗಳಿಂದ ಮನಸ್ಸನ್ನು ಹಿಂದೆಗೆದುಕೊಳ್ಳುವುದು ಅದರ ಅರ್ಥ. ಕಚೇರಿಯ ಭಾಷೆಯಲ್ಲಿ ಅದೇ ಪದ, ನಿಗದಿತ ವಯಸ್ಸಿನ ನಿಗದಿತ ದಿನದಂದು ಹುದ್ದೆಯಿಂದ ಬಿಡುಗಡೆಯಾಗುವುದೆಂಬ ಅರ್ಥ ಪಡೆಯಿತು. ಮೊದಲನೆಯದು ವ್ಯಕ್ತಿ ತಾನಾಗಿ ಮಾಡಿಕೊಳ್ಳುವ ಆಯ್ಕೆ. ಎರಡನೆಯದು ಸಂಸ್ಥೆ ವಿಧಿಸುವ ದಿನಾಂಕ.

ರೈತರು, ನೇಕಾರರು, ಕುಂಬಾರರು ಮೊದಲಾದ ವೃತ್ತಿಸಮುದಾಯಗಳ ಬದುಕಿನಲ್ಲಿ ಇಂತಹ ದಿನಾಂಕವಿಲ್ಲ. ಅಲ್ಲಿ ಕೆಲಸವು ಹಂತಹಂತವಾಗಿ ಮುಂದಿನ ತಲೆಮಾರಿಗೆ ದಾಟುತ್ತದೆ. ನೇಗಿಲು ಬಿಟ್ಟವರು ಕಣ ಕಾಯುತ್ತಾರೆ. ಮಗ್ಗ ಬಿಟ್ಟವರು ನೂಲು ಸುತ್ತುತ್ತಾರೆ. ಮುಪ್ಪು ಅವರ ಕೆಲಸವನ್ನು ಹಗುರಗೊಳಿಸುತ್ತದೆಯೇ ಹೊರತು ಅವರನ್ನು ದುಡಿಯುವವರ ಗುಂಪಿನಿಂದ ಹೊರಗಿಡುವುದಿಲ್ಲ. ಹೀಗಾಗಿ ನಿವೃತ್ತರೆಂಬ ಪ್ರತ್ಯೇಕ ವರ್ಗ ಆಧುನಿಕ ಉದ್ಯೋಗ ವ್ಯವಸ್ಥೆಯ ಸೃಷ್ಟಿ ಎನ್ನಬೇಕಾಗುತ್ತದೆ.

ಸಾಮೂಹಿಕ ವಿಮೆಯೆಂದರೆ ಒಂದು ಗುಂಪಿನ ಪರವಾಗಿ ಮಾಡಿಕೊಳ್ಳುವ ಒಂದೇ ಒಪ್ಪಂದ. ಮೂಲ ಪಾಲಿಸಿಯ ಒಡೆತನ ಉದ್ಯೋಗದಾತ ಸಂಸ್ಥೆಯದು ಅಥವಾ ಸಂಘದ್ದು. ಸದಸ್ಯರಿಗೆ ದೊರೆಯುವುದು ಪ್ರಮಾಣಪತ್ರ ಮಾತ್ರ. ಸಾಮಾನ್ಯವಾಗಿ ಸದಸ್ಯರ ವೈದ್ಯಕೀಯ ತಪಾಸಣೆಯಿಲ್ಲದೆ, ಮೊದಲೇ ಇರುವ ಕಾಯಿಲೆಗಳನ್ನೂ ಸೇರಿಸಿಕೊಂಡು ರಕ್ಷಣೆ ನೀಡುವುದು ಇದರ ದೊಡ್ಡ ಅನುಕೂಲ. ಮಧುಮೇಹ, ರಕ್ತದೊತ್ತಡ, ಹೃದ್ರೋಗಗಳಿರುವ ವೃದ್ಧರಿಗೆ ಈ ಅಂಶ ನಿರ್ಣಾಯಕವಾದುದು. ಪಾಲಿಸಿಯ ಷರತ್ತು ಹಾಗೂ ಬೆಲೆ ಪ್ರತಿವರ್ಷ ಬದಲಾಗಬಹುದು, ಗುಂಪಿನಿಂದ ಹೊರಬಿದ್ದ ಕೂಡಲೇ ರಕ್ಷಣೆ ಕೊನೆಗೊಳ್ಳಬಹುದು ಎಂಬುದು ಇದರ ದೊಡ್ಡ ಕೊರತೆ.

ವಿಮಾ ನಿಯಂತ್ರಣ ಮತ್ತು ಅಭಿವೃದ್ಧಿ ಪ್ರಾಧಿಕಾರವು ೨೦೦೫ರಲ್ಲಿ ಹೊರಡಿಸಿದ ಸಾಮೂಹಿಕ ವಿಮೆಯ ಮಾರ್ಗಸೂಚಿ ಇಲ್ಲಿ ಗಮನಾರ್ಹ. ವಿಮೆ ಪಡೆಯುವ ಉದ್ದೇಶಕ್ಕಾಗಿಯೇ ಗುಂಪು ಕಟ್ಟುವಂತಿಲ್ಲ, ಸದಸ್ಯರ ನಡುವೆ ಬೇರೊಂದು ಸಮಾನ ಉದ್ದೇಶ ಮೊದಲೇ ಇರಬೇಕು ಎಂದು ಅದು ವಿಧಿಸಿತು. ಅಂದರೆ ಸಮುದಾಯ ಮೊದಲು, ವಿಮೆ ಅನಂತರ ಎಂಬ ತತ್ತ್ವವನ್ನು ಆಧುನಿಕ ನಿಯಮವೂ ಒಪ್ಪಿಕೊಂಡಿದೆ.

೨. ಮುಯ್ಯಿ, ಮುಡಿಪು, ಛತ್ರ

ಗ್ರಾಮೀಣ ಕರ್ನಾಟಕದಲ್ಲಿ ಹೊರೆ ಹಂಚಿಕೆಯ ಪ್ರಧಾನ ರೂಪ ‘ಮುಯ್ಯಿ’. ಮದುವೆ ಮೊದಲಾದ ಶುಭಕಾರ್ಯಗಳಲ್ಲಿ ನೆಂಟರಿಷ್ಟರು ನೀಡುವ ಹಣ ಅಥವಾ ವಸ್ತುವನ್ನು ಬರೆದಿಟ್ಟುಕೊಂಡು, ಅವರ ಮನೆಯ ಕಾರ್ಯದಲ್ಲಿ ಅದನ್ನು ಮರಳಿಸುವುದು ಇದರ ಕ್ರಮ. ಬೇಸಾಯದಲ್ಲಿ ಒಬ್ಬರ ಹೊಲಕ್ಕೆ ಇನ್ನೊಬ್ಬರು ಬಂದು ದುಡಿಯುವ ‘ಮುಯ್ಯಾಳು’ ಪದ್ಧತಿಯೂ ಇದೇ ಬಗೆಯದು. ಸೇಡು ತೀರಿಸಿಕೊಳ್ಳುವುದಕ್ಕೂ ಮುಯ್ಯಿ ಎಂಬ ಪದವೇ ಬಳಕೆಯಲ್ಲಿರುವುದರಿಂದ, ಪಡೆದದ್ದನ್ನು ಮರಳಿಸುವುದು ಇದರ ಮೂಲಾರ್ಥವೆಂಬುದು ಸ್ಪಷ್ಟವಾಗುತ್ತದೆ.

ಮುಯ್ಯಿ ಮತ್ತು ವಿಮೆಯ ನಡುವೆ ಹೋಲಿಕೆಯೂ ಇದೆ, ವ್ಯತ್ಯಾಸವೂ ಇದೆ. ಎರಡರಲ್ಲಿಯೂ ಇಂದು ಕೊಟ್ಟವರು ಮುಂದೆ ಪಡೆಯುತ್ತಾರೆ. ವಿಮೆಯಲ್ಲಿ ಲೆಕ್ಕ ವರ್ಷಕ್ಕೊಮ್ಮೆ ಮುಗಿಯುತ್ತದೆ. ಕಳೆದ ವರ್ಷ ಕೊಟ್ಟ ಕಂತಿಗೆ ಈ ವರ್ಷ ಬೆಲೆಯಿಲ್ಲ. ಮುಯ್ಯಿಯ ಲೆಕ್ಕ ತಲೆಮಾರುಗಳವರೆಗೆ ತೆರೆದೇ ಇರುತ್ತದೆ. ತಂದೆ ಮಾಡಿದ ಮುಯ್ಯಿಯನ್ನು ಮಗನಿಗೆ ಮರಳಿಸುವುದುಂಟು. ಆದುದರಿಂದ ವಯಸ್ಸಾದವರು ಆ ಲೆಕ್ಕದಲ್ಲಿ ಹಳೆಯ ಸಾಲಗಾರರಾಗದೆ ಹಳೆಯ ಕೊಡುಗೈಯವರಾಗಿ ಉಳಿಯುತ್ತಾರೆ. ಈ ಪದ್ಧತಿಯನ್ನು ಆದರ್ಶವೆಂದು ಕೊಂಡಾಡುವಂತೆಯೂ ಇಲ್ಲ. ಮುಯ್ಯಿ ಜಾತಿ ಮತ್ತು ನೆಂಟಸ್ತಿಕೆಯ ಎಲ್ಲೆಯನ್ನು ದಾಟುತ್ತಿದ್ದುದು ಕಡಿಮೆ. ಕೊಡಲು ಏನೂ ಇಲ್ಲದವರಿಗೆ, ಮಕ್ಕಳಿಲ್ಲದ ವಿಧವೆಯರಿಗೆ ಆ ವಲಯದಲ್ಲಿ ಸ್ಥಾನ ಸುಲಭವಾಗಿರಲಿಲ್ಲ.

ಅಂತಹವರ ಆಸರೆಯಾಗಿ ಮಠ, ಛತ್ರ, ಅರವಟ್ಟಿಗೆಗಳು ಕೆಲಸಮಾಡಿದವು. ಬಳ್ಳಿಗಾವೆಯ ಕೋಡಿಯ ಮಠವನ್ನು ವರ್ಣಿಸುವ ೧೧೬೨ರ ಶಾಸನವು ಅದನ್ನು ದೀನರಿಗೆ, ಅಂಗವಿಕಲರಿಗೆ ಅನ್ನ ನೀಡುವ ಹಾಗೂ ಅನಾಥ ರೋಗಿಗಳಿಗೆ ಚಿಕಿತ್ಸೆ ದೊರೆಯುವ ತಾಣವೆಂದು ಹೇಳುತ್ತದೆ. ಇಲ್ಲಿ ರಕ್ಷಣೆ ಪಡೆಯಲು ಮೊದಲೇ ಕಂತು ಕಟ್ಟಿರಬೇಕಾದ ಅಗತ್ಯವಿರಲಿಲ್ಲ. ಅದು ದಾನದ ವ್ಯವಸ್ಥೆ. ದಾನಿಯ ಔದಾರ್ಯ ಇರುವವರೆಗೆ ಮಾತ್ರ ನಡೆಯುವಂತಹುದು.

ಯಾತ್ರೆಯ ಮಟ್ಟಿಗೆ ಇನ್ನೂ ವಿಶಿಷ್ಟವಾದ ದಾಖಲೆ ಹೊಯ್ಸಳ ಮೂರನೆಯ ನರಸಿಂಹನ ಕಾಲದ್ದು. ೧೨೭೯ರಲ್ಲಿ ಈ ಅರಸ ಹೆಬ್ಬಾಲೆ ಗ್ರಾಮದ ೬೪೫ ನಿಷ್ಕಗಳ ವಾರ್ಷಿಕ ಹುಟ್ಟುವಳಿಯನ್ನು ಕಾಶಿಯಲ್ಲಿದ್ದವರು ತುರುಷ್ಕರಿಗೆ ತೆರಬೇಕಾಗಿದ್ದ ಸುಂಕಕ್ಕಾಗಿ ಬಿಟ್ಟುಕೊಟ್ಟನು. ಕರ್ನಾಟಕದವರು ಮಾತ್ರವಲ್ಲದೆ ತೆಲುಗು, ತುಳು, ಮಲೆಯಾಳ, ತಿರಹುತ, ಗೌಡ ದೇಶಗಳವರೂ ಇದರ ಫಲಾನುಭವಿಗಳಾಗಿದ್ದರು. ದೂರದ ಪರರಾಜ್ಯದಲ್ಲಿ ಎದುರಾಗುವ ಖರ್ಚನ್ನು ತಾಯ್ನಾಡಿನ ಒಂದು ಗ್ರಾಮದ ಆದಾಯದಿಂದ ವರ್ಷವರ್ಷವೂ ಭರಿಸುವ ಈ ಏರ್ಪಾಡು ವಿಮೆಯಲ್ಲ. ಆದರೂ ಅಪರಿಚಿತ ಯಾತ್ರಿಕರನ್ನು ‘ಯಾತ್ರಿಕರು’ ಎಂಬ ಒಂದೇ ಕಾರಣಕ್ಕೆ ಒಂದು ಸಮೂಹವೆಂದು ಕಂಡ ದೃಷ್ಟಿ ಅದರಲ್ಲಿದೆ.

ಜನಪದರ ಯಾತ್ರೆಗಳು ಸ್ವತಃ ಸಮೂಹವನ್ನು ಕಟ್ಟುತ್ತವೆ. ಪಂಢರಪುರದ ದಿಂಡಿ, ಯುಗಾದಿಯ ವೇಳೆಗೆ ಉತ್ತರ ಕರ್ನಾಟಕದಿಂದ ಶ್ರೀಶೈಲಕ್ಕೆ ಕಂಬಿ ಹೊತ್ತು ಸಾಗುವ ಪಾದಯಾತ್ರೆ, ಗುರುಸ್ವಾಮಿಯ ಹಿಂದೆ ನಡೆಯುವ ಶಬರಿಮಲೆಯ ತಂಡಗಳಲ್ಲಿ ಹಿರಿಯರು ದಾರಿ ಬಲ್ಲವರು, ಕಿರಿಯರು ಹೊರೆ ಹೊರುವವರು. ದಾರಿಯ ಊರುಗಳು ದಾಸೋಹ ನಡೆಸುತ್ತವೆ. ದೇವರಿಗೆಂದು ಅರಿಸಿನದ ಬಟ್ಟೆಯಲ್ಲಿ ಕಟ್ಟಿಟ್ಟ ‘ಮುಡಿಪು’ ಹರಕೆಯ ಹಣ. ಕುಟುಂಬದ ಕಷ್ಟಕಾಲದಲ್ಲಿ ಕಟ್ಟಿ, ಅದು ನೀಗಿದ ಮೇಲೆ ಸಲ್ಲಿಸುವಂತಹುದು. ಇಂತಹ ತಂಡಗಳಲ್ಲಿ ವಯಸ್ಸು ಅಪಾಯದ ಲೆಕ್ಕವಷ್ಟೇ ಆಗಿರದೆ ಅನುಭವದ ಲೆಕ್ಕವೂ ಆಗಿತ್ತು.

೩. ಉದ್ಯೋಗ ಕಟ್ಟಿದ ಸಮೂಹ

ಉದ್ಯೋಗವನ್ನು ಆಧಾರವಾಗಿಟ್ಟುಕೊಂಡ ವಿಮೆ ಕರ್ನಾಟಕದಲ್ಲಿ ಬಹುಬೇಗ ಆರಂಭವಾಯಿತು. ಹತ್ತನೆಯ ಚಾಮರಾಜ ಒಡೆಯರ ಆಳ್ವಿಕೆಯಲ್ಲಿ, ಕೆ. ಶೇಷಾದ್ರಿ ಅಯ್ಯರ್ ದಿವಾನರಾಗಿದ್ದಾಗ, ೧೮೯೧ರಲ್ಲಿ ಮೈಸೂರು ಸಂಸ್ಥಾನದ ನೌಕರರಿಗಾಗಿ ಜೀವವಿಮಾ ಯೋಜನೆ ಜಾರಿಗೆ ಬಂದಿತು. ಇಂದಿನ ಕರ್ನಾಟಕ ಸರ್ಕಾರಿ ವಿಮಾ ಇಲಾಖೆಯ ಮೂಲ ಇದೇ. ಸಂಬಳದಿಂದಲೇ ಕಂತು ಕಡಿತವಾಗುವ ಈ ಕ್ರಮದಲ್ಲಿ ಕಚೇರಿಯೇ ಸಮೂಹ, ಸಂಬಳದ ಪಟ್ಟಿಯೇ ಸದಸ್ಯರ ಪಟ್ಟಿ. ಆದರೆ ಅದು ಕಾಪಾಡಿದ್ದು ನೌಕರನ ಕುಟುಂಬವನ್ನು ಅಕಾಲಿಕ ಸಾವಿನ ಪರಿಣಾಮದಿಂದ. ನಿವೃತ್ತನ ಕಾಯಿಲೆಯ ಖರ್ಚು ಅದರ ವ್ಯಾಪ್ತಿಯಲ್ಲಿರಲಿಲ್ಲ.

ಸ್ವಾತಂತ್ರ್ಯಾನಂತರದ ಆರೋಗ್ಯ ಯೋಜನೆಗಳೂ ಉದ್ಯೋಗವನ್ನೇ ಅಡಿಪಾಯವಾಗಿಸಿಕೊಂಡವು. ೧೯೪೮ರ ಕಾರ್ಮಿಕರ ರಾಜ್ಯ ವಿಮಾ ಅಧಿನಿಯಮವು ೧೯೫೨ರ ಫೆಬ್ರವರಿಯಲ್ಲಿ ಕಾನ್ಪುರ ಮತ್ತು ದೆಹಲಿಗಳಲ್ಲಿ ಕಾರ್ಯರೂಪಕ್ಕೆ ಬಂದಿತು. ಕೇಂದ್ರ ಸರ್ಕಾರದ ಆರೋಗ್ಯ ಯೋಜನೆ ೧೯೫೪ರಲ್ಲಿ ದೆಹಲಿಯಲ್ಲಿ ಆರಂಭವಾಯಿತು. ಕಾಲಕ್ರಮದಲ್ಲಿ ಈ ಯೋಜನೆಗಳು ನಿವೃತ್ತರಿಗೂ ಬಾಗಿಲು ತೆರೆದವು. ಅವು ಬಾಗಿಲು ತೆರೆದ ಬಗೆ ಅಧ್ಯಯನಯೋಗ್ಯವಾಗಿದೆ.

ಕೇಂದ್ರ ಸರ್ಕಾರದ ನಿವೃತ್ತರು ಹತ್ತು ವರ್ಷಗಳ ವಂತಿಗೆಯನ್ನು ಒಮ್ಮೆಗೇ ಕಟ್ಟಿ ಜೀವನಪರ್ಯಂತ ಚಿಕಿತ್ಸೆಯ ಹಕ್ಕು ಪಡೆಯಬಹುದು. ರೈಲ್ವೆಯ ೧೯೯೭ರ ಯೋಜನೆಯಲ್ಲಿ ನಿವೃತ್ತರಾಗುವ ನೌಕರರು ನಿಗದಿತ ಮೊತ್ತವನ್ನು ಒಂದೇ ಬಾರಿ ಸಲ್ಲಿಸುತ್ತಾರೆ. ಮಾಜಿ ಸೈನಿಕರ ಕೊಡುಗೆಯಾಧಾರಿತ ಆರೋಗ್ಯ ಯೋಜನೆ ೨೦೦೩ರ ಏಪ್ರಿಲ್‌ನಲ್ಲಿ ಇದೇ ಬಗೆಯಲ್ಲಿ ಆರಂಭವಾಯಿತು. ಸೈನಿಕ ಪರಂಪರೆಯ ಕೊಡಗಿನಂತಹ ಪ್ರದೇಶಕ್ಕೆ ಇದರ ಮಹತ್ವ ವಿಶೇಷವಾದುದು. ಕಾರ್ಮಿಕರ ರಾಜ್ಯ ವಿಮೆಯಲ್ಲಿ ನಿವೃತ್ತಿಗೆ ಮುನ್ನ ಕನಿಷ್ಠ ಐದು ವರ್ಷ ವಿಮಾ ಸದಸ್ಯರಾಗಿದ್ದವರು ವರ್ಷಕ್ಕೆ ೧೨೦ ರೂಪಾಯಿ ಕಟ್ಟಿ ತಮಗೂ ತಮ್ಮ ಪತಿ ಅಥವಾ ಪತ್ನಿಗೂ ಚಿಕಿತ್ಸೆಯನ್ನು ಮುಂದುವರಿಸಿಕೊಳ್ಳಲು ಅವಕಾಶವಿದೆ.

ಈ ನಾಲ್ಕೂ ವ್ಯವಸ್ಥೆಗಳಲ್ಲಿ ಒಂದು ಸಮಾನ ಲಕ್ಷಣ ಕಂಡುಬರುತ್ತದೆ. ನಿವೃತ್ತರ ವಂತಿಗೆ ಅವರ ಕಾಯಿಲೆಯ ಖರ್ಚಿಗೆ ಅನುಗುಣವಾಗಿ ನಿಗದಿಯಾಗುವುದಿಲ್ಲ. ದುಡಿಯುವವರೂ ನಿವೃತ್ತರೂ ಸರ್ಕಾರದ ಬೊಕ್ಕಸವೂ ಸೇರಿದ ದೊಡ್ಡ ವಲಯವೊಂದು ಅದನ್ನು ಹೊರುತ್ತದೆ. ಪರಿಭಾಷೆಯಲ್ಲಿ ಇವೆಲ್ಲ ವಿಮೆಯೆನಿಸದಿದ್ದರೂ ಮುಯ್ಯಿಯ ತತ್ತ್ವಕ್ಕೆ ಹತ್ತಿರವಾದವು: ದುಡಿಯುವ ಕಾಲದಲ್ಲಿ ಕೊಟ್ಟದ್ದು ದುಡಿಯಲಾಗದ ಕಾಲದಲ್ಲಿ ಮರಳುತ್ತದೆ. ಇವುಗಳ ಕೊರತೆ ಬೇರೆ ಬಗೆಯದು. ಆಸ್ಪತ್ರೆ ಮತ್ತು ಔಷಧಾಲಯಗಳು ನಗರಗಳಲ್ಲಿ ನೆಲೆಗೊಂಡಿರುವುದರಿಂದ ಹುಟ್ಟೂರಿಗೆ ಮರಳಿದ ನಿವೃತ್ತರಿಗೆ ಹಕ್ಕು ಇದ್ದರೂ ಸೌಲಭ್ಯ ದೂರ. ಕೇಂದ್ರದ ಯೋಜನೆಯ ವ್ಯಾಪ್ತಿಯ ಹೊರಗೆ ನೆಲೆಸಿದ ಪಿಂಚಣಿದಾರರಿಗೆ ನೀಡುವ ವೈದ್ಯಕೀಯ ಭತ್ಯೆಯನ್ನು ೨೦೧೭ರಲ್ಲಿ ತಿಂಗಳಿಗೆ ೧,೦೦೦ ರೂಪಾಯಿಗೆ ಏರಿಸಲಾಯಿತು. ನಿತ್ಯದ ಔಷಧಿಗೆ ಅದು ಒದಗಬಹುದು, ಶಸ್ತ್ರಚಿಕಿತ್ಸೆಗೆ ಸಾಲದು.

ನಿವೃತ್ತರ ಸಾಮೂಹಿಕ ಅಸ್ತಿತ್ವಕ್ಕೆ ಕಾನೂನಿನ ಮನ್ನಣೆ ದೊರೆತದ್ದು ೧೯೮೨ರ ಡಿಸೆಂಬರ್ ೧೭ರಂದು ಸರ್ವೋಚ್ಚ ನ್ಯಾಯಾಲಯವು ಡಿ.ಎಸ್. ನಕಾರ ಪ್ರಕರಣದಲ್ಲಿ ನೀಡಿದ ತೀರ್ಪಿನಿಂದ. ಪಿಂಚಣಿಯು ಕೃಪೆಯಿಂದ ನೀಡುವ ಇನಾಮಲ್ಲ, ಪಿಂಚಣಿದಾರರೆಲ್ಲರೂ ಒಂದೇ ವರ್ಗ, ನಿವೃತ್ತಿಯ ದಿನಾಂಕದ ಆಧಾರದ ಮೇಲೆ ಅವರನ್ನು ಮನಬಂದಂತೆ ಒಡೆಯುವಂತಿಲ್ಲ ಎಂದು ಆ ತೀರ್ಪು ಸಾರಿತು. ಪಿಂಚಣಿದಾರರ ಸಂಘಟನೆಗಳು ಡಿಸೆಂಬರ್ ೧೭ನ್ನು ಪಿಂಚಣಿದಾರರ ದಿನವನ್ನಾಗಿ ಆಚರಿಸುತ್ತ ಬಂದಿವೆ. ಹೊಸ ಸಮುದಾಯವೊಂದು ತನ್ನದೇ ಆಚರಣೆಯ ದಿನವನ್ನು ಕಂಡುಕೊಂಡ ಈ ವಿದ್ಯಮಾನ ಜಾನಪದ ವಿದ್ವಾಂಸರ ಗಮನಕ್ಕೆ ಅರ್ಹವಾದುದು.

೪. ಸಾಮೂಹಿಕ ಪಾಲಿಸಿ: ಬ್ಯಾಂಕು ನಿವೃತ್ತರ ಉದಾಹರಣೆ

೧೯೭೩ರ ಜನವರಿಯಲ್ಲಿ ಸಾಮಾನ್ಯ ವಿಮೆಯ ರಾಷ್ಟ್ರೀಕರಣ ಜಾರಿಗೆ ಬಂದು ನಾಲ್ಕು ಸರ್ಕಾರಿ ಕಂಪನಿಗಳು ರೂಪುಗೊಂಡವು. ೧೯೮೬ರಲ್ಲಿ ಅವು ‘ಮೆಡಿಕ್ಲೈಮ್’ ಎಂಬ ಆಸ್ಪತ್ರೆ ವೆಚ್ಚದ ಪಾಲಿಸಿಯನ್ನು ಪರಿಚಯಿಸಿದವು. ತೊಂಬತ್ತರ ದಶಕದ ಆರಂಭದಲ್ಲಿ ‘ಭವಿಷ್ಯ ಆರೋಗ್ಯ’ ಎಂಬ ಇನ್ನೊಂದು ಪಾಲಿಸಿ ಬಂದಿತು. ದುಡಿಯುವ ವಯಸ್ಸಿನಲ್ಲಿ ಕಂತು ಕಟ್ಟಿ ನಿವೃತ್ತಿಯ ಅನಂತರ ರಕ್ಷಣೆ ಪಡೆಯುವುದು ಅದರ ಕಲ್ಪನೆ. ಆಧುನಿಕ ವಿಮೆಯಲ್ಲಿ ಮುಯ್ಯಿಯ ತತ್ತ್ವಕ್ಕೆ ಅತ್ಯಂತ ಸಮೀಪವಾಗಿದ್ದ ಈ ಕಲ್ಪನೆ ವ್ಯಾಪಕವಾಗಿ ಬೇರೂರಲಿಲ್ಲ. ವಾರ್ಷಿಕ ಪಾಲಿಸಿಯೇ ಕ್ಷೇತ್ರವನ್ನು ಆಳಿತು.

ನಿವೃತ್ತರ ಸಾಮೂಹಿಕ ಪಾಲಿಸಿಯ ಸ್ವರೂಪವನ್ನು ಅರಿಯಲು ಬ್ಯಾಂಕು ನೌಕರರ ಉದಾಹರಣೆ ಉಪಯುಕ್ತ. ಕರಾವಳಿ ಕರ್ನಾಟಕವು ಬ್ಯಾಂಕುಗಳ ತವರು. ಕೆನರಾ ಮತ್ತು ಕಾರ್ಪೊರೇಷನ್ ಬ್ಯಾಂಕುಗಳು ೧೯೦೬ರಲ್ಲಿ, ಸಿಂಡಿಕೇಟ್ ಬ್ಯಾಂಕು ೧೯೨೫ರಲ್ಲಿ, ವಿಜಯಾ ಬ್ಯಾಂಕು ೧೯೩೧ರಲ್ಲಿ ಅಲ್ಲಿ ಹುಟ್ಟಿದವು. ಆ ಪ್ರದೇಶದ ಸಾವಿರಾರು ಮಧ್ಯಮವರ್ಗದ ಮನೆಗಳಲ್ಲಿ ಬ್ಯಾಂಕಿನ ನೌಕರಿ ಒಂದು ಕುಲಕಸುಬಿನಷ್ಟೇ ಪರಿಚಿತವಾಯಿತು.

೨೦೧೫ರ ಮೇ ೨೫ರಂದು ಭಾರತೀಯ ಬ್ಯಾಂಕುಗಳ ಸಂಘ ಮತ್ತು ನೌಕರ ಸಂಘಟನೆಗಳ ನಡುವೆ ಆದ ಹತ್ತನೆಯ ದ್ವಿಪಕ್ಷೀಯ ಒಪ್ಪಂದದ ಫಲವಾಗಿ ಅದೇ ವರ್ಷದ ಅಕ್ಟೋಬರ್‌ನಿಂದ ಸಾಮೂಹಿಕ ವೈದ್ಯಕೀಯ ವಿಮೆ ಜಾರಿಗೆ ಬಂದಿತು. ಅಧಿಕಾರಿಗಳಿಗೆ ೪ ಲಕ್ಷ, ಇತರ ನೌಕರರಿಗೆ ೩ ಲಕ್ಷ ರೂಪಾಯಿಗಳ ಮಿತಿಯನ್ನು ನಿಗದಿಪಡಿಸಲಾಯಿತು. ಸೇವೆಯಲ್ಲಿರುವವರ ಕಂತನ್ನು ಬ್ಯಾಂಕು ಭರಿಸಿತು. ನಿವೃತ್ತರಿಗೆ ಸೇರುವ ಅವಕಾಶ ದೊರೆಯಿತಾದರೂ ಕಂತು ಅವರದೇ. ಒಂದೇ ಒಪ್ಪಂದದಿಂದ ಹುಟ್ಟಿದ ಯೋಜನೆಯೊಳಗೆ ಹೀಗೆ ಎರಡು ಸಮೂಹಗಳು ರೂಪುಗೊಂಡವು.

ಮುಂದಿನ ನವೀಕರಣಗಳಲ್ಲಿ ನಿವೃತ್ತರ ಕಂತು ತೀವ್ರವಾಗಿ ಏರಿತು. ಹಲವರು ಕಡಿಮೆ ಮಿತಿಯ ರಕ್ಷಣೆಗೆ ಇಳಿದರು. ಕೆಲವರು ಯೋಜನೆಯನ್ನೇ ತೊರೆದರು. ಇದರ ಹಿಂದಿನ ತರ್ಕವನ್ನು ಒಂದು ಕಾಲ್ಪನಿಕ ಲೆಕ್ಕದಿಂದ ವಿವರಿಸಬಹುದು. ನೂರು ಮಂದಿ ನಿವೃತ್ತರ ಗುಂಪಿನ ವರ್ಷದ ಚಿಕಿತ್ಸಾ ವೆಚ್ಚ ೧೦ ಲಕ್ಷ ರೂಪಾಯಿ ಎಂದಿಟ್ಟುಕೊಂಡರೆ ತಲಾ ಕಂತು ೧೦,೦೦೦. ಕಂತು ದುಬಾರಿಯೆಂದು ೨೦ ಮಂದಿ ಹೊರನಡೆದರೆ, ಅವರು ಸಾಮಾನ್ಯವಾಗಿ ಆರೋಗ್ಯವಂತರೇ ಆಗಿರುತ್ತಾರೆ. ಅವರೆಲ್ಲರ ವೆಚ್ಚ ಸೇರಿ ೨೦,೦೦೦ ಮಾತ್ರ ಇದ್ದಲ್ಲಿ, ಉಳಿದ ೮೦ ಮಂದಿ ೯,೮೦,೦೦೦ ರೂಪಾಯಿಗಳನ್ನು ಹೊರಬೇಕು. ತಲಾ ಕಂತು ೧೨,೨೫೦ಕ್ಕೆ ಏರುತ್ತದೆ. ಈ ಏರಿಕೆಯಿಂದ ೮೦,೦೦೦ ವೆಚ್ಚದ ಇನ್ನೂ ೨೦ ಮಂದಿ ಹೊರಬಿದ್ದರೆ ಉಳಿದ ೬೦ ಮಂದಿಯ ಕಂತು ೧೫,೦೦೦. ಯಾರೂ ಮೋಸ ಮಾಡದಿದ್ದರೂ, ಕಾಯಿಲೆ ಹೆಚ್ಚದಿದ್ದರೂ ಗುಂಪು ತನ್ನಷ್ಟಕ್ಕೆ ಕರಗುತ್ತದೆ. ಕೊನೆಯಲ್ಲಿ ಉಳಿಯುವವರು ಹೆಚ್ಚು ಅಗತ್ಯವುಳ್ಳವರು, ಕಡಿಮೆ ಶಕ್ತಿಯುಳ್ಳವರು. ನಿವೃತ್ತರನ್ನು ಪ್ರತ್ಯೇಕ ವರ್ಗವೆಂದು ಗುರುತಿಸಿದ್ದು ಪಿಂಚಣಿಯ ವಿಷಯದಲ್ಲಿ ಅವರಿಗೆ ಬಲ ನೀಡಿತು. ವಿಮೆಯ ವಿಷಯದಲ್ಲಿ ಅದೇ ಪ್ರತ್ಯೇಕತೆ ಅವರ ಬಲವನ್ನು ಕುಗ್ಗಿಸಿತು.

ಸಮೂಹದ ಎಲ್ಲೆ ಸದಸ್ಯರ ಕೈಯಲ್ಲಿಲ್ಲ ಎಂಬುದಕ್ಕೆ ಬ್ಯಾಂಕುಗಳ ವಿಲೀನವೂ ಸಾಕ್ಷಿ. ವಿಜಯಾ ಬ್ಯಾಂಕು ೨೦೧೯ರ ಏಪ್ರಿಲ್‌ನಲ್ಲಿ ಬ್ಯಾಂಕ್ ಆಫ್ ಬರೋಡದಲ್ಲಿಯೂ, ೨೦೨೦ರ ಏಪ್ರಿಲ್‌ನಲ್ಲಿ ಸಿಂಡಿಕೇಟ್ ಬ್ಯಾಂಕು ಕೆನರಾದಲ್ಲಿಯೂ, ಕಾರ್ಪೊರೇಷನ್ ಬ್ಯಾಂಕು ಯೂನಿಯನ್ ಬ್ಯಾಂಕಿನಲ್ಲಿಯೂ ಲೀನವಾದವು. ನಿವೃತ್ತರು ತಾವು ಎಂದೂ ದುಡಿಯದ ಸಂಸ್ಥೆಯ ಪಿಂಚಣಿದಾರರಾದರು.

ಪಾಲಿಸಿಯ ಒಳವಿವರಗಳಲ್ಲಿ ನಿವೃತ್ತರನ್ನು ಹೆಚ್ಚು ಕಾಡುವುದು ಕೊಠಡಿ ಬಾಡಿಗೆಯ ಮಿತಿ. ದಿನಕ್ಕೆ ೫,೦೦೦ ರೂಪಾಯಿಯ ಮಿತಿಯುಳ್ಳವರು ೧೦,೦೦೦ ರೂಪಾಯಿಯ ಕೊಠಡಿ ಪಡೆದರೆ ಬಾಡಿಗೆಯ ವ್ಯತ್ಯಾಸವನ್ನು ಮಾತ್ರ ಕಟ್ಟಿದರೆ ಸಾಲದು. ಅನೇಕ ಪಾಲಿಸಿಗಳಲ್ಲಿ ವೈದ್ಯರ ಶುಲ್ಕ, ಶಸ್ತ್ರಚಿಕಿತ್ಸಾ ಕೊಠಡಿಯ ಶುಲ್ಕ ಮೊದಲಾದವೂ ಅದೇ ಪ್ರಮಾಣದಲ್ಲಿ, ಅಂದರೆ ಅರ್ಧದಷ್ಟು, ಕಡಿತವಾಗುತ್ತವೆ. ಇಂತಹ ಷರತ್ತುಗಳನ್ನು ಸದಸ್ಯರಿಗೆ ಬಿಡಿಸಿ ಹೇಳುವ ಕೆಲಸವನ್ನು ನಿವೃತ್ತರ ಸಂಘಗಳು ನಿರ್ವಹಿಸುತ್ತಿವೆ. ‘ಕ್ಲೇಮು’, ‘ಕ್ಯಾಶ್‌ಲೆಸ್’, ‘ಟಿ.ಪಿ.ಎ.’ ಎಂಬ ಪದಗಳು ಸಂಘದ ಸಭೆಗಳ ಮೂಲಕ ಹಿರಿಯರ ಆಡುಮಾತಿನಲ್ಲಿ ಬೆರೆತಿವೆ. ಒಬ್ಬರ ಆಸ್ಪತ್ರೆಯ ಅನುಭವ ಬಾಯಿಂದ ಬಾಯಿಗೆ ಹರಡಿ ಇನ್ನೊಬ್ಬರಿಗೆ ಎಚ್ಚರಿಕೆಯಾಗುತ್ತದೆ. ಇದು ಮೌಖಿಕ ಪರಂಪರೆಯ ಹೊಸ ಕ್ಷೇತ್ರ.

ಗುಂಪಿನಿಂದ ಹೊರಬಿದ್ದವರಿಗಾಗಿ ಪ್ರಾಧಿಕಾರವು ಕೆಲವು ಕ್ರಮಗಳನ್ನು ಕೈಗೊಂಡಿದೆ. ಸಾಮೂಹಿಕ ಪಾಲಿಸಿಯ ಸದಸ್ಯರು ಅದೇ ಕಂಪನಿಯ ವೈಯಕ್ತಿಕ ಪಾಲಿಸಿಗೆ ವರ್ಗಾವಣೆಗೊಳ್ಳಲು ಅವಕಾಶವಿದೆ. ೨೦೨೪ರ ಏಪ್ರಿಲ್‌ನಲ್ಲಿ ಪಾಲಿಸಿ ಪಡೆಯಲು ಇದ್ದ ೬೫ ವರ್ಷಗಳ ವಯೋಮಿತಿಯ ಕಟ್ಟು ತೆರವಾಯಿತು. ಮೊದಲೇ ಇರುವ ಕಾಯಿಲೆಗಳಿಗೆ ಕಾಯುವ ಅವಧಿಯ ಗರಿಷ್ಠ ಮಿತಿ ಮೂರು ವರ್ಷಕ್ಕೆ ಇಳಿಯಿತು. ೨೦೨೫ರ ಜನವರಿಯಲ್ಲಿ ಹಿರಿಯ ನಾಗರಿಕರ ಕಂತನ್ನು ವರ್ಷಕ್ಕೆ ಶೇಕಡಾ ೧೦ಕ್ಕಿಂತ ಹೆಚ್ಚು ಏರಿಸುವ ಮುನ್ನ ಪ್ರಾಧಿಕಾರದೊಡನೆ ಸಮಾಲೋಚಿಸಬೇಕೆಂದು ಸೂಚಿಸಲಾಯಿತು. ೨೦೨೫ರ ಸೆಪ್ಟೆಂಬರ್ ೨೨ರಿಂದ ವೈಯಕ್ತಿಕ ಆರೋಗ್ಯ ಪಾಲಿಸಿಗಳಿಗೆ ಸರಕು ಮತ್ತು ಸೇವಾ ತೆರಿಗೆಯಿಂದ ವಿನಾಯಿತಿ ದೊರೆಯಿತು. ಸಾಮೂಹಿಕ ಪಾಲಿಸಿಗಳಿಗೆ ಆ ವಿನಾಯಿತಿ ಅನ್ವಯವಾಗಲಿಲ್ಲ. ಸ್ವಂತ ಹಣದಿಂದಲೇ ಕಂತು ಕಟ್ಟುವ ನಿವೃತ್ತರು, ಪಾಲಿಸಿಯ ಹೆಸರು ಸಾಮೂಹಿಕ ಎಂಬ ಕಾರಣಕ್ಕೆ, ಈ ಅನುಕೂಲದಿಂದ ಹೊರಗುಳಿದರು.

೫. ನಿವೃತ್ತಿಯಿಲ್ಲದವರ ಸಮೂಹ

ಉದ್ಯೋಗದ ಹೊರಗೂ ಸಮೂಹವನ್ನು ಕಟ್ಟಬಹುದೆಂಬುದಕ್ಕೆ ಕರ್ನಾಟಕದಲ್ಲಿಯೇ ಪ್ರಬಲವಾದ ನಿದರ್ಶನವಿದೆ. ಗದಗ ಸಮೀಪದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ೧೯೦೫ರಲ್ಲಿ ಕೃಷಿ ಪತ್ತಿ‌ನ ಸಹಕಾರ ಸಂಘವನ್ನು ಸ್ಥಾಪಿಸಿದರು. ಸುಮಾರು ಒಂದು ಶತಮಾನದ ಅನಂತರ, ೨೦೦೩ರ ಜೂನ್ ೧ರಿಂದ, ಸಹಕಾರ ಸಂಘಗಳ ಇದೇ ಜಾಲದ ಮೇಲೆ ‘ಯಶಸ್ವಿನಿ’ ಆರೋಗ್ಯ ಯೋಜನೆ ಕಾರ್ಯಾರಂಭ ಮಾಡಿತು. ಆರಂಭದಲ್ಲಿ ಸದಸ್ಯರ ವಂತಿಗೆ ವರ್ಷಕ್ಕೆ ೬೦ ರೂಪಾಯಿ. ಮೊದಲ ವರ್ಷವೇ ಸುಮಾರು ೧೬ ಲಕ್ಷ ಮಂದಿ ಸೇರಿದರು. ಸರ್ಕಾರವೂ ತನ್ನ ಪಾಲನ್ನು ನೀಡಿತು. ಯೋಜನೆಯು ೭೫ ವರ್ಷದವರೆಗಿನವರನ್ನು ಒಳಗೊಂಡಿತ್ತು.

ಇಲ್ಲಿ ರಕ್ಷಣೆಗೆ ಆಧಾರ ನೌಕರಿಯಲ್ಲ, ಸಹಕಾರ ಸಂಘದ ಸದಸ್ಯತ್ವ. ರೈತರಿಗೆ ನಿವೃತ್ತಿಯ ದಿನಾಂಕವಿಲ್ಲದಿರುವುದರಿಂದ ಹೊರದೂಡುವ ಗಳಿಗೆಯೂ ಬಹುಕಾಲ ಬರುವುದಿಲ್ಲ. ಮೂವತ್ತರ ಮಗ ಮತ್ತು ಎಪ್ಪತ್ತರ ತಂದೆ ಒಂದೇ ವಂತಿಗೆಯ ಒಂದೇ ಪಟ್ಟಿಯಲ್ಲಿದ್ದರು. ಬ್ಯಾಂಕು ನಿವೃತ್ತರ ಗುಂಪಿಗೆ ದೊರೆಯದ ಸಮತೋಲನ ರೈತರ ಗುಂಪಿಗೆ ದೊರೆತದ್ದು ಈ ಕಾರಣದಿಂದ. ಶಸ್ತ್ರಚಿಕಿತ್ಸೆಗೆ ಆದ್ಯತೆ ನೀಡಿದ ಈ ಯೋಜನೆ ಮುಪ್ಪಿನ ನಿತ್ಯದ ಕಾಯಿಲೆಗಳನ್ನು ತಲುಪಲಿಲ್ಲ ಎಂಬ ಮಿತಿಯನ್ನೂ ಗುರುತಿಸಬೇಕು. ೨೦೧೮ರಲ್ಲಿ ಇದು ಸರ್ಕಾರದ ಇನ್ನೊಂದು ಯೋಜನೆಯಲ್ಲಿ ವಿಲೀನವಾಯಿತು. ಸಹಕಾರಿಗಳ ಬೇಡಿಕೆಯಿಂದ ೨೦೨೨-೨೩ರಲ್ಲಿ ಮತ್ತೆ ಆರಂಭವಾಯಿತು. ೨೦೨೪ರ ಅಕ್ಟೋಬರ್ ೨೯ರಂದು ಕೇಂದ್ರ ಸರ್ಕಾರವು ಆಯುಷ್ಮಾನ್ ಭಾರತ್ ಯೋಜನೆಯನ್ನು ೭೦ ವರ್ಷ ತುಂಬಿದ ಎಲ್ಲರಿಗೂ, ಆದಾಯದ ಮಿತಿಯಿಲ್ಲದೆ, ವಿಸ್ತರಿಸಿತು. ಇಲ್ಲಿ ವಯಸ್ಸೇ ಸದಸ್ಯತ್ವದ ಅರ್ಹತೆಯಾಯಿತು.

೬. ಯಾತ್ರೆಯಿಂದ ಪ್ರವಾಸಕ್ಕೆ

ಕಾಶಿಗೆ ಹೊರಡುವ ಹಿರಿಯರು ಹಿಂದೆ ಆಸ್ತಿಯ ವ್ಯವಸ್ಥೆ ಮಾಡಿ, ಸಾಲ ತೀರಿಸಿ, ಬಂಧುಗಳನ್ನು ಬೀಳ್ಕೊಂಡು ಹೊರಡುತ್ತಿದ್ದರು. ಮರಳಿ ಬಂದರೆ ಊರವರನ್ನು ಕರೆದು ಗಂಗಾ ಸಮಾರಾಧನೆ. ಬಾರದಿದ್ದರೆ ಕಾಶಿಯ ಮರಣ ಮುಕ್ತಿಯೆಂಬ ನಂಬಿಕೆ ಸಾಂತ್ವನವಾಗಿತ್ತು. ಹಜ್ ಯಾತ್ರಿಕರು ಮುಂಬಯಿಯಿಂದ ಹಡಗು ಹತ್ತುತ್ತಿದ್ದ ಕಾಲ ೧೯೯೫ರಲ್ಲಿ ಮುಗಿಯಿತು. ೨೦೨೨ರ ನವೆಂಬರ್ ೧೧ರಂದು ಬೆಂಗಳೂರಿನಿಂದ ಕಾಶಿ ದರ್ಶನದ ವಿಶೇಷ ರೈಲು ಹೊರಟಿತು. ತಿಂಗಳುಗಳ ಪಯಣ ದಿನಗಳಿಗೆ ಇಳಿದಂತೆ ಅಪಾಯದ ಕಲ್ಪನೆಯೂ ಬದಲಾಯಿತು.

ಈ ಬದಲಾವಣೆಯಲ್ಲಿ ರಕ್ಷಣೆ ಟಿಕೆಟಿನೊಡನೆ ಬೆಸೆದುಕೊಂಡಿತು. ೨೦೧೬ರಿಂದ ರೈಲ್ವೆಯ ಅಂತರಜಾಲ ಟಿಕೆಟಿನೊಂದಿಗೆ ಐಚ್ಛಿಕ ಪ್ರವಾಸ ವಿಮೆ ದೊರೆಯತೊಡಗಿತು. ರಾಜ್ಯದ ರಸ್ತೆ ಸಾರಿಗೆ ನಿಗಮವು ಪ್ರಯಾಣಿಕರಿಂದ ಒಂದೆರಡು ರೂಪಾಯಿಗಳ ವಂತಿಗೆ ಸಂಗ್ರಹಿಸಿ ಅಪಘಾತ ಪರಿಹಾರ ನಿಧಿ ನಡೆಸುತ್ತಿದ್ದು, ೨೦೨೪ರ ಜನವರಿಯಿಂದ ಮೃತರ ಕುಟುಂಬಕ್ಕೆ ನೀಡುವ ಪರಿಹಾರವನ್ನು ೧೦ ಲಕ್ಷ ರೂಪಾಯಿಗೆ ಏರಿಸಿತು. ಒಂದು ಬಸ್ಸಿನಲ್ಲಿ ಕುಳಿತವರು ಒಬ್ಬರನ್ನೊಬ್ಬರು ಅರಿಯದಿದ್ದರೂ ಒಂದು ನಿಧಿಯ ಪಾಲುದಾರರು. ಇದು ಜಾತಿ, ನೆಂಟಸ್ತಿಕೆ, ವಯಸ್ಸು ಯಾವುದನ್ನೂ ಕೇಳದ ಮುಯ್ಯಿ.

ಆದರೆ ಈ ರಕ್ಷಣೆಗಳೆಲ್ಲ ಅಪಘಾತಕ್ಕೆ ಸಂಬಂಧಿಸಿದವು. ಹಿರಿಯ ಪ್ರಯಾಣಿಕರನ್ನು ದಾರಿಯಲ್ಲಿ ಕಾಡುವುದು ಮುಖ್ಯವಾಗಿ ಹೃದಯಾಘಾತ, ಉಸಿರಾಟದ ತೊಂದರೆ, ರಕ್ತದೊತ್ತಡ. ೧೯೯೬ರ ಆಗಸ್ಟ್‌ನ ಅಮರನಾಥ ಯಾತ್ರೆಯಲ್ಲಿ ಹಿಮಪಾತ ಮತ್ತು ಚಳಿಗೆ ಸಿಲುಕಿ ಇನ್ನೂರಕ್ಕೂ ಹೆಚ್ಚು ಮಂದಿ ಸತ್ತರು. ಕೈಲಾಸ ಮಾನಸಸರೋವರ ಯಾತ್ರೆಗೆ ವೈದ್ಯಕೀಯ ತಪಾಸಣೆ ಕಡ್ಡಾಯ. ೭೦ ವರ್ಷ ಮೀರಿದವರಿಗೆ ಅವಕಾಶವಿಲ್ಲ. ಹಿಂದೆ ಯಾತ್ರೆಯ ಅರ್ಹತೆ ಮುಪ್ಪೇ ಆಗಿತ್ತು. ಇಲ್ಲಿ ಮುಪ್ಪೇ ಅನರ್ಹತೆ. ಜೀವ ಉಳಿಸುವ ದೃಷ್ಟಿಯಿಂದ ಈ ನಿಯಮ ಸಕಾರಣವಾದುದು. ಅಪಘಾತ ವಿಮೆಯನ್ನು ಆರೋಗ್ಯ ವಿಮೆಯೆಂದು ತಿಳಿದು ಹೊರಡುವ ಹಿರಿಯರ ಮಟ್ಟಿಗೆ ಮಾತ್ರ ಅಪಾಯ ಹಾಗೆಯೇ ಉಳಿಯುತ್ತದೆ.

ವಿದೇಶ ಪ್ರವಾಸದಲ್ಲಿ ಈ ಅಂತರ ಇನ್ನೂ ದೊಡ್ಡದು. ಮಗಳ ಬಾಣಂತನಕ್ಕೆ, ಮೊಮ್ಮಕ್ಕಳ ಪಾಲನೆಗೆ ಅಮೆರಿಕ, ಕೆನಡಾಗಳಿಗೆ ಹೋಗುವ ನಿವೃತ್ತ ತಂದೆತಾಯಿಗಳು ಇಂದಿನ ಕನ್ನಡ ಕುಟುಂಬಗಳಲ್ಲಿ ಪರಿಚಿತ ಚಿತ್ರ. ಅಮೆರಿಕದ ವೃದ್ಧರಿಗೆ ದೊರೆಯುವ ‘ಮೆಡಿಕೇರ್’ ಸಂದರ್ಶಕರಿಗೆ ಅನ್ವಯಿಸದು. ಭಾರತದ ಸಾಮೂಹಿಕ ಪಾಲಿಸಿ ಸಾಮಾನ್ಯವಾಗಿ ದೇಶದ ಗಡಿಯಲ್ಲಿಯೇ ನಿಲ್ಲುತ್ತದೆ. ಪ್ರವಾಸ ವಿಮೆಯಲ್ಲಿ ಮೊದಲೇ ಇರುವ ಕಾಯಿಲೆಗಳು ಬಹುಮಟ್ಟಿಗೆ ಹೊರಗುಳಿಯುತ್ತವೆ, ಇಲ್ಲವೇ ಪ್ರಾಣಾಪಾಯದ ತುರ್ತಿಗೆ ಸೀಮಿತವಾಗುತ್ತವೆ. ಕೆಲವು ದೇಶಗಳು ವಿಮೆಯನ್ನು ಪ್ರವೇಶದ ಷರತ್ತನ್ನಾಗಿಸಿವೆ. ಯುರೋಪಿನ ಷೆಂಗೆನ್ ದೇಶಗಳು ೨೦೦೪ರಿಂದ ಕನಿಷ್ಠ ೩೦,೦೦೦ ಯೂರೋಗಳ ರಕ್ಷಣೆಯನ್ನು ಕೇಳುತ್ತವೆ. ಕೆನಡಾ ೨೦೧೧ರಲ್ಲಿ ತಂದೆತಾಯಿ ಮತ್ತು ಅಜ್ಜ ಅಜ್ಜಿಯರಿಗಾಗಿ ಆರಂಭಿಸಿದ ವಿಶೇಷ ವೀಸಾಕ್ಕೆ ಕನಿಷ್ಠ ೧ ಲಕ್ಷ ಕೆನಡಾ ಡಾಲರುಗಳ, ಒಂದು ವರ್ಷದ ಆರೋಗ್ಯ ವಿಮೆ ಅಗತ್ಯ. ಹೊಯ್ಸಳ ಅರಸ ತೆತ್ತ ಕಾಶಿಯ ಸುಂಕವನ್ನು ಇದು ನೆನಪಿಸುತ್ತದೆ. ಈಗ ಅದನ್ನು ತೆರುವವರು ಮಕ್ಕಳು.

ಇಂತಹ ಪಾಲಿಸಿಗಳಲ್ಲಿ ಪಾರ್ಥಿವ ಶರೀರವನ್ನು ಸ್ವದೇಶಕ್ಕೆ ತರುವ ವೆಚ್ಚ ಸಾಮಾನ್ಯವಾಗಿ ಸೇರಿರುತ್ತದೆ. ಜನಪದ ನಂಬಿಕೆಯ ದೃಷ್ಟಿಯಿಂದ ಇದು ಅರ್ಥಪೂರ್ಣ. ಕಾಶಿಯಲ್ಲಿ ಸತ್ತವರ ದೇಹ ಅಲ್ಲಿಯೇ ಉಳಿಯಬೇಕಿತ್ತು. ಪರದೇಶದಲ್ಲಿ ಸತ್ತವರ ದೇಹ ಊರಿಗೆ ಮರಳಬೇಕು. ಅಂತ್ಯಸಂಸ್ಕಾರದ ಕುರಿತ ಆಳವಾದ ಹಂಬಲವೊಂದು ಪಾಲಿಸಿಯ ಒಂದು ಕಲಮಿನ ರೂಪದಲ್ಲಿ ಉಳಿದುಬಂದಿದೆ.

ಸಮಾರೋಪ

ಮೇಲಿನ ಪರಿಶೀಲನೆಯಿಂದ ಕೆಲವು ಅಂಶಗಳು ಸ್ಪಷ್ಟವಾಗುತ್ತವೆ. ಸಾಂಪ್ರದಾಯಿಕ ವ್ಯವಸ್ಥೆಗಳು ವೃದ್ಧರನ್ನು ವಯಸ್ಸಿನ ಕಾರಣದಿಂದ ಹೊರಗಿಡಲಿಲ್ಲ. ಆದರೆ ಜಾತಿ, ನೆಂಟಸ್ತಿಕೆ, ಬಡತನಗಳ ಕಾರಣದಿಂದ ಅನೇಕರನ್ನು ಹೊರಗಿಟ್ಟವು. ಆಧುನಿಕ ಸಾಮೂಹಿಕ ವಿಮೆ ಆ ಎಲ್ಲೆಗಳನ್ನು ಮೀರಿತು. ಆದರೆ ಉದ್ಯೋಗವೆಂಬ ಹೊಸ ಎಲ್ಲೆಯನ್ನು ಎಳೆಯಿತು. ಆ ಎಲ್ಲೆಯ ಆಚೆ ನಿಂತ ನಿವೃತ್ತರನ್ನು ಅವರಷ್ಟಕ್ಕೇ ಒಂದು ಗುಂಪಾಗಿಸಿ ಕಂತು ವಿಧಿಸಿದಾಗ ಗುಂಪು ಬಾಳುವುದು ಕಷ್ಟ. ಕಿರಿಯರೊಡನೆ ಒಂದೇ ವಲಯದಲ್ಲಿ ಉಳಿಸಿಕೊಂಡಲ್ಲಿ ಅದು ಬಾಳಿದೆ ಎಂಬುದಕ್ಕೆ ರೈಲ್ವೆ, ಮಾಜಿ ಸೈನಿಕರು ಹಾಗೂ ಸಹಕಾರಿ ರೈತರ ಯೋಜನೆಗಳು ನಿದರ್ಶನ.

ಪಿಂಚಣಿದಾರರ ಸಂಘಗಳ ಕಡತಗಳು, ಸುತ್ತೋಲೆಗಳು, ಸಭೆಗಳಲ್ಲಿ ಹಿರಿಯರು ಹೇಳುವ ಆಸ್ಪತ್ರೆ ಹಾಗೂ ಪ್ರವಾಸದ ಅನುಭವಕಥನಗಳು ಇನ್ನೂ ವ್ಯವಸ್ಥಿತ ಸಂಗ್ರಹಕ್ಕೆ ಕಾದಿವೆ. ಮುಯ್ಯಿಯ ಪುಸ್ತಕವನ್ನು ಸಾಮಾಜಿಕ ಚರಿತ್ರೆಯ ಆಕರವಾಗಿ ಬಳಸುವಂತೆ ಇವುಗಳನ್ನೂ ಬಳಸಬೇಕಾಗಿದೆ. ಸಮೂಹವೊಂದು ತನ್ನ ಹಿರಿಯರನ್ನು ಯಾವ ಪಟ್ಟಿಯಲ್ಲಿ ಬರೆದುಕೊಂಡಿತು, ಯಾವ ದಿನ ಆ ಪಟ್ಟಿಯಿಂದ ಹೆಸರನ್ನು ತೆಗೆಯಿತು ಎಂಬುದರ ನಿಖರವಾದ ಉತ್ತರ ಆ ಕಡತಗಳಲ್ಲಿದೆ.